ಹಲಗಿ ಕಾಸಾಕ ಬೆಂಕಿ ಎಲ್ಲೈತಿ?



ಉದ್ದನೆಯ ಪೋಸ್ಟ್ ಇದು. ಬೈಯೋರು ಇದ್ರೆ ಬೈಯ್ರಿ, ಆದ್ರೆ ಪೂರಾ ಓದಿ ಬೈಯ್ರಿ.

ಹೋದ ತಿಂಗಳು ತಿಳವಳ್ಳಿ ಕಡೆಯ ನಮ್ಮ ಕೇರಿಯ ಐದು ಹುಡುಗರು ರಸ್ತೆ ಬದಿಯ ಒಂದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಕಾರ್ಯಕ್ರಮ ಕೊಟ್ಟು ಬಂದ್ರು. ಬಾರಿನ ಹೆಸರು ಬ್ಯಾಡ, ಹುಡುಗರ ಹೆಸರೂ ಬ್ಯಾಡ. ಎರಡು ಹಲಗಿ, ಒಂದು ಢೋಲಕ್, ಒಂದು ಕೀಬೋರ್ಡ್, ಹಾಡೋನು ಒಬ್ಬ. ಇಷ್ಟೇ ಅವರ ಬ್ಯಾಂಡು. ಶನಿವಾರ ಸಂಜೆ ಏಳರಿಂದ ಹತ್ತರವರೆಗೆ. ಯಾರೋ ಒಂದು ಫೋಟೋ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ರು. ಅಲ್ಲಿಂದ ಶುರುವಾತು ನೋಡ್ರಿ ಜಗಳ.

ಸಂಘಟನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಕಾಕಾ ಒಬ್ಬರು ವಾಯ್ಸ್ ಮೆಸೇಜ್ ಹಾಕಿದ್ರು: "ನಾವು ಹಲಗಿ ಒಗದು ನಲವತ್ತು ವರ್ಷ ಆತು. ಅದನ್ನ ಮತ್ತ ಎತ್ತಿಕೊಂಡು ಕುಡುಕರ ಮುಂದ ಬಾರಸಾಕ ಹೊಂಟೀರೇನು? ನಿಮ್ಮನ್ನ ಓದಿಸಿದ್ದು ಇದಕ್ಕೇನು?"

ಹಲಗಿ ಬಾರಿಸೋ ಹುಡುಗ ಅಷ್ಟೇ ಖಡಕ್ಕಾಗಿ ಉತ್ತರ ಕೊಟ್ಟ: "ಕಾಕಾ, ಬೆಂಗಳೂರಾಗ ಬಾರಿಸಿದ್ರ ಕಲೆ ಅಂತೀರಿ, ನಾವು ಇಲ್ಲಿ ಬಾರಿಸಿದ್ರ ಚಾಕರಿ ಅಂತೀರಿ. ಇದ್ಯಾವ ನ್ಯಾಯರಿ?"

ನಾನು ಇಬ್ಬರಿಗೂ ಉತ್ತರ ಬರೀಲಿಲ್ಲ. ಯಾಕಂದ್ರ ಇಬ್ಬರ ಮಾತಿನಲ್ಲೂ ಸತ್ಯ ಐತಿ. ಇದನ್ನ ಬಿಡಿಸಬೇಕಾದ್ರೆ ಒಂದು ಪ್ರಶ್ನೆ ಕೇಳಬೇಕು. ಹಲಗಿ ಬಾರಿಸಿದವನಿಗೆ ಇಲ್ಲಿಯವರೆಗೆ ಕೊಟ್ಟಿದ್ದೇನು? ಕೊಟ್ಟಿದ್ದು ಎಲ್ಲಿ ನಿಲ್ಲಿಸಿ?

ತಿಳವಳ್ಳಿ ಅಂದ್ರೆ ಇತಿಹಾಸದ ಪುಸ್ತಕದವರಿಗೆ 13ನೇ ಶತಮಾನದ ಶಾಂತೇಶ್ವರ ಗುಡಿ. ಕಂಬ, ಕೆತ್ತನೆ, ಸೇವುಣರ ಕಾಲ. ಇರಲಿ, ನೋಡೋ ಹಂಗ ಐತಿ ಆ ಗುಡಿ. ಆದ್ರೆ ನಮ್ಮ ಇತಿಹಾಸ ಕಲ್ಲಿನ ಮೇಲಿಲ್ಲ, ಚರ್ಮದ ಮೇಲಿತ್ತು. ಕಲ್ಲು ಉಳೀತೈತಿ, ಚರ್ಮ ಹರೀತೈತಿ. ಅದಕ್ಕೇ ನಾವು ಬಾಯಿಂದ ಬಾಯಿಗೆ ಹೇಳಿ ಉಳಿಸಬೇಕು.

*

ಮೊದಲನೇದು, ಕಾಳಿನ ಕಾಲ.

ಹಾನಗಲ್ಲ ತಾಲೂಕು 1956ರವರೆಗೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗಿತ್ತು. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅಂದ್ರೆ ನಮ್ಮ ಅಜ್ಜಂದಿರ ಕಾಲದ ಕಾನೂನು ಮುಂಬೈಯಿಂದ ಬರ್ತಿತ್ತು. ಊರಿನ ಕಾನೂನು ಮಾತ್ರ ಊರಲ್ಲೇ ಇತ್ತು. ಡಂಗುರ ಹೊಡೀಬೇಕಾದ್ರೆ ಹಲಗಿ, ಸತ್ತರೆ ಹಲಗಿ, ಜಾತ್ರೆಗೆ ಹಲಗಿ, ಹೋಳಿಗೆ ಹಲಗಿ, ದೀಪಾವಳಿ ಆದಮೇಲೆ ಹೋರಿ ಬೆದರಿಸೋ ಹಬ್ಬಕ್ಕೆ ಹಲಗಿ. ಕೇರಿಗೆ ಹೇಳಿ ಕಳಿಸ್ತಿದ್ರು, ಹೋಗಬೇಕು. "ಇವತ್ತು ಆಗಲ್ರಿ" ಅನ್ನೋ ಮಾತು ಆ ವ್ಯವಸ್ಥೆಯೊಳಗೆ ಇರಲಿಲ್ಲ.

ಇದಕ್ಕೆ ಕೂಲಿ? ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಆಯದ ಕಾಳು. ಹಾನಗಲ್ಲ ಸೀಮೆ ಅರೆಮಲೆನಾಡು, ಭತ್ತದ ನಾಡು. ರಾಶಿ ಆಗಿ, ಎಲ್ಲರದೂ ಆದ ಮೇಲೆ ನಮ್ಮ ಪಾಲು. ಅದನ್ನ ಕೆಲವು ಪಂಡಿತರು "ಗ್ರಾಮದ ಸಹಕಾರ ಜೀವನ" ಅಂತ ಬರೀತಾರೆ. ಬಾರಿಸಿದ್ದಕ್ಕೆ ಇಷ್ಟು ಅಂತ ಲೆಕ್ಕ ಇಲ್ಲದ, ಬೇಡ ಅನ್ನೋ ಹಕ್ಕು ಇಲ್ಲದ ಕೆಲಸಕ್ಕೆ ಸಹಕಾರ ಅಂತಾರೇನ್ರಿ? ಬಿಟ್ಟಿ ಚಾಕರಿ ಅಂತಾರೆ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1928ರ ಮಾರ್ಚ್ 19ರಂದು ಅವರು ಮುಂಬೈ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ಮಂಡಿಸಿದ್ರು. ಒಂದು ತುಂಡು ಇನಾಮು ಭೂಮಿ, ಒಂದಿಷ್ಟು ಕಾಳು ತೋರಿಸಿ ಇಡೀ ಕುಟುಂಬವನ್ನ ಹಗಲೂ ರಾತ್ರಿ ಊರಿಗೆ ಕಟ್ಟಿಹಾಕೋ ಪದ್ಧತಿ ಅದು. ಆ ಮಸೂದೆ ಕಾಯ್ದೆ ಆಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದಿದ್ದು 1961ರಲ್ಲಿ, ಜಾರಿಗೆ ಬಂದಿದ್ದು 1963ರಲ್ಲಿ. ಬಾಬಾಸಾಹೇಬರು ಕೇಳಿದ ಮೂವತ್ತೈದು ವರ್ಷಕ್ಕೆ. ಹುದ್ದೆ ಹೋತು, ಖರೆ. ಆದ್ರೆ ಹೇಳಿ ಕಳಿಸೋದು ಹೋಗಲಿಲ್ಲ.

*

ಎರಡನೇದು, ಪಾಕೀಟಿನ ಕಾಲ. ಇದನ್ನ ನಾನೇ ನೋಡೀನಿ.

ನಮ್ಮಪ್ಪ ಹಲಗಿ ಬಾರಿಸ್ತಿದ್ರು. ಊರಾಗ ಯಾರಾದ್ರೂ ತೀರಿಕೊಂಡ್ರೆ ಬೆಳಿಗ್ಗೆಯಿಂದ ಸ್ಮಶಾನದವರೆಗೆ. ಸಂಜೆ ಕೂಲಿ ಅಂತ ಕೈಗೆ ಬರ್ತಿದ್ದುದು ಎರಡು ಪಾಕೀಟು ಸಾರಾಯಿ, ಮೇಲೊಂದಿಷ್ಟು ಚಿಲ್ಲರೆ. ದುಡ್ಡು ಕೊಡ್ರಿ ಅಂದ್ರೆ "ಮತ್ತ ಪಾಕೀಟು ಕೊಟ್ಟೀವಲ್ಲೋ" ಅಂತಿದ್ರು. ಸಾರಾಯಿ ಅಂಗಡಿ ಮುಂದೆ ಮೇಳದವರು ನಾಕು ಮಂದಿ ನೆಲದ ಮೇಲೆ ಕೂತು ಕುಡೀತಿದ್ರು. ಕುಡಿದವರಲ್ಲಿ ಯಾರಿಗಾದ್ರೂ ಹುಕಿ ಬಂದ್ರೆ "ಏ, ಬಾರಿಸ್ರಲೇ" ಅಂತಿದ್ರು. ಮತ್ತ ಬಾರಿಸೋದು. ನಮ್ಮ ಸೀಮೆಯಲ್ಲಿ ಕುಡಿಯೋ ಜಾಗದಲ್ಲಿ ಸಣ್ಣ ಮೇಳ ಒಂದು ಕಾರ್ಯಕ್ರಮ ಕೊಡೋದು ಹೊಸದೇನಲ್ಲ ಗೆಳೆಯರೆ. ವೇದಿಕೆ ಇರಲಿಲ್ಲ, ಮೈಕ್ ಇರಲಿಲ್ಲ, ರೇಟು ಇರಲಿಲ್ಲ. ಅಷ್ಟೇ ವ್ಯತ್ಯಾಸ.

ಮನೆಗೆ ಕಾಳೂ ಇಲ್ಲ, ದುಡ್ಡೂ ಇಲ್ಲ. ಕಾಳಿನ ಕಾಲದಲ್ಲಿ ಅಪಮಾನ ಇದ್ರೂ ಮಕ್ಕಳ ಹೊಟ್ಟೆಗೆ ಒಂದಿಷ್ಟು ಗಂಜಿ ಸೇರ್ತಿತ್ತು. ಪಾಕೀಟಿನ ಕಾಲದಲ್ಲಿ ಅದೂ ಹೋತು. ನಮ್ಮವ್ವ ಹಲಗಿ ಶಬ್ದ ಕೇಳಿದ್ರೆ ಕಿವಿ ಮುಚ್ಕೊಳ್ತಿದ್ಲು. ಹಲಗಿ ಬಾರಿಸಿದ ದಿನ ರಾತ್ರಿ ಮನೆಯಲ್ಲಿ ಏನಾಗ್ತದ ಅನ್ನೋದು ಅವಳಿಗೆ ಗೊತ್ತಿತ್ತು.

ಅದಕ್ಕೇ ಕಾಕಾ ಸಿಟ್ಟಾದ್ರೆ ನಾನು ತಲೆ ತಗ್ಗಿಸ್ತೀನಿ. ಅವರ ತಲೆಮಾರು ಕೂಗಿದ ಘೋಷಣೆ ಏನು? ಹೆಂಡ ಬೇಡ, ವಸತಿ ಶಾಲೆ ಬೇಕು. ದಲಿತ ಸಂಘರ್ಷ ಸಮಿತಿಯವರು ಊರೂರಿಗೆ ಇದನ್ನ ಒಯ್ದರು. ಈ ಬೇಡಿಕೆಯ ಬೇರು ಇನ್ನೂ ಹಿಂದಕ್ಕೆ ಹೋಗ್ತದ. 1928ರಲ್ಲಿ ಬಾಬಾಸಾಹೇಬರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ನಡೆಸಿದ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲೇ ಇತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯೋದಿಲ್ಲ ಅನ್ನೋದೂ ಒಂದು. ಸಾರಾಯಿ ನಿಷೇಧ ಆಗಿದ್ದು 2007ರ ಜುಲೈ 1ಕ್ಕೆ. ಪಾಕೀಟು ಹೋತು, ಎಂಎಸ್ಐಎಲ್ ಅಂಗಡಿ ಬಂತು. ಸಿಎಲ್-9 ಬಾರುಗಳು ಹೋಬಳಿ ಮಟ್ಟಕ್ಕೂ ಬಂದವು. ಕುಡಿತ ಅಂಗಳದಿಂದ ಟೇಬಲ್ಲಿಗೆ ಹೋತು. ನಮ್ಮ ಮೇಳ ಅಂಗಳದಲ್ಲೇ ಉಳೀತು.

*

ಮೂರನೇದು, ಯಾರೂ ಹೇಳಿ ಕಳಿಸದ ಕಾಲ.

1973ರ ನವೆಂಬರಿನಲ್ಲಿ ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಬೂಸಾ ಮಾತು, ಆಮೇಲಿನ ಗಲಾಟೆ, ಅವರ ರಾಜೀನಾಮೆ ನಿಮಗೆಲ್ಲ ಗೊತ್ತು. ಹಾಸ್ಟೆಲುಗಳಲ್ಲಿ ಏಟು ತಿಂದ ಹುಡುಗರೇ ಮುಂದೆ ಚಳವಳಿ ಕಟ್ಟಿದ್ರು. ಪ್ರೊ. ಬಿ. ಕೃಷ್ಣಪ್ಪ ನಮ್ಮ ಪಕ್ಕದ ಹರಿಹರದವರು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಕೋಲಾರದ ಕಡೆಯಿಂದ ಕೋಟಿಗಾನಹಳ್ಳಿ ರಾಮಯ್ಯನವರು ಹಾಡು ಬರೆದ್ರು, ಪಿಚ್ಚಳ್ಳಿ ಶ್ರೀನಿವಾಸರು ಹಾಡಿದ್ರು, ಮೈಸೂರಿನ ಕಡೆ ಜನ್ನಿ ಹಾಡಿದ್ರು. ಅಲ್ಲಿ ತಮಟೆ, ಇಲ್ಲಿ ಹಲಗಿ. ಚರ್ಮ ಒಂದೇ.

ಆ ದಿನಗಳಲ್ಲಿ ಏನು ಬದಲಾತು ಅನ್ನೋದನ್ನ ಸ್ವಲ್ಪ ಗಮನಿಸ್ರಿ. ವಾದ್ಯ ಬದಲಾಗಲಿಲ್ಲ, ಬಾರಿಸೋ ಕೈ ಬದಲಾಗಲಿಲ್ಲ. ಹೇಳಿ ಕಳಿಸೋನು ಇಲ್ಲವಾದ. ತಹಶೀಲ್ದಾರ್ ಕಚೇರಿ ಮುಂದೆ ಹಲಗಿ ಬಾರಿಸೋಕೆ ಯಾವ ಗೌಡನೂ ಹೇಳಿರಲಿಲ್ಲ. ನಾವೇ ಹೋದ್ವಿ, ನಮ್ಮ ಮಾತು ಹೇಳೋಕೆ ಬಾರಿಸಿದ್ವಿ, ನಮಗೆ ಬೇಕಾದಾಗ ನಿಲ್ಲಿಸಿದ್ವಿ. ನಮ್ಮಪ್ಪ ಸಾವಿನ ಮನೆ ಮುಂದೆ ಬಾರಿಸೋದು ಬಿಟ್ಟಿದ್ದು, ಅಂಬೇಡ್ಕರ್ ಜಯಂತಿ ಮೆರವಣಿಗೆಯಲ್ಲಿ ಬಾರಿಸಿದ ವರ್ಷವೇ. ಒಂದನ್ನ ಬಿಟ್ಟ ಕೈಗೆ ಇನ್ನೊಂದು ಸಿಕ್ಕಿತ್ತು. ಹಲಗಿ ಒಗೆದವರೂ ಇದ್ರು, ಹಲಗಿ ಹಿಡಿದು ಬೀದಿಗೆ ಬಂದವರೂ ಇದ್ರು. ಇಬ್ಬರೂ ಒಂದೇ ಚಳವಳಿಯವರು. ಅದಕ್ಕೇ ಇವತ್ತಿನ ಜಗಳದಲ್ಲಿ ಒಬ್ಬರನ್ನ ದ್ರೋಹಿ ಅನ್ನೋದು ಬ್ಯಾಡ.

*

ನಾಲ್ಕನೇದು, ಪಬ್ಬಿನ ಕಾಲ.

ಬೆಂಗಳೂರಿಗೆ 1980ರ ದಶಕದ ಕೊನೆಗೆ ಪಬ್ಬುಗಳು ಬಂದು, ಆ ಊರಿಗೆ ಪಬ್ ಸಿಟಿ ಅಂತ ಹೆಸರಾತು. ಇಂಗ್ಲಿಷ್ ರಾಕ್ ಹಾಡ್ತಿದ್ದ ಜಾಗಕ್ಕೆ ನಿಧಾನಕ್ಕೆ ಕನ್ನಡವೂ ಬಂತು. 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫಜ್ಜನ ಹಾಡುಗಳಿದ್ವು. ಗಿಟಾರ್ ಹಿಡಿದು ಲುಂಗಿ ಉಟ್ಟು ಹಾಡಿದ್ರು. ಹುಡುಗರು ಬಿಯರ್ ಹಿಡಿದು ಕುಣಿದ್ರು. ಶರೀಫಜ್ಜ ಯಾರು? 1819ರಲ್ಲಿ ಹುಟ್ಟಿದ ನಮ್ಮ ಪಕ್ಕದ ಶಿಗ್ಗಾವಿ ತಾಲೂಕಿನವರು. ನನಗೆ ಇದರಲ್ಲಿ ತಕರಾರಿಲ್ಲ, ಖುಷಿನೇ ಐತಿ. ಆದ್ರೆ ಒಂದು ಮಾತು ಕೇಳ್ತೀನಿ. ನಮ್ಮ ಸೀಮೆಯ ಹಾಡು ಪಬ್ಬಿನೊಳಗೆ ಹೋತು. ನಮ್ಮ ಸೀಮೆಯ ತಾಳವೂ ಫ್ಯೂಶನ್ ಅನ್ನೋ ಹೆಸರಿನಲ್ಲಿ ಹೋತು. ಆ ತಾಳ ಹುಟ್ಟಿಸಿದ ಕೇರಿಯವನು ಎಷ್ಟು ಪಬ್ಬುಗಳಿಗೆ ಹೋದ?

ಹಾಡು ಒಳಗೆ, ಹಾಡಿದವರು ಹೊರಗೆ ಅನ್ನೋದು ಜಗತ್ತಿನ ಎಲ್ಲಾ ಕಡೆಯ ಕಥೆ. ನ್ಯೂಯಾರ್ಕಿನ ಹಾರ್ಲೆಮ್‌ ಕರಿಯರ ಕೇರಿ. ಅಲ್ಲೇ ಇತ್ತು ಕಾಟನ್ ಕ್ಲಬ್. 1927ರ ಕೊನೆಯಲ್ಲಿ ಡ್ಯೂಕ್ ಎಲಿಂಗ್ಟನ್ನರ ಬ್ಯಾಂಡು ಅಲ್ಲಿ ನುಡಿಸೋಕೆ ಶುರು ಮಾಡಿತು. ನುಡಿಸೋರು ಕರಿಯರು, ಕುಣಿಯೋರು ಕರಿಯರು, ಕೂತು ಕುಡಿದು ಕೇಳೋರು ಬಿಳಿಯರು. ಅದೇ ಕೇರಿಯ ಕರಿಯ ಗಿರಾಕಿಗೆ ಬಾಗಿಲಲ್ಲೇ ತಡೆ. ಆಮೇಲೆ 1940ರಿಂದ 1967ರವರೆಗೆ ನ್ಯೂಯಾರ್ಕಿನಲ್ಲಿ ಮದ್ಯ ಮಾರೋ ಜಾಗದಲ್ಲಿ ಹಾಡಬೇಕಾದ್ರೆ ಪೊಲೀಸರು ಕೊಡೋ ಕ್ಯಾಬರೆ ಕಾರ್ಡ್ ಬೇಕಿತ್ತು. 1947ರಲ್ಲಿ ಜೈಲಿಗೆ ಹೋದ ಬಿಲ್ಲಿ ಹಾಲಿಡೇಗೆ ಆ ಕಾರ್ಡು ಹೋತು. ಜೈಲಿನಿಂದ ಬಂದ ಮೇಲೆ 1948ರಲ್ಲಿ ಕಾರ್ನೆಗಿ ಹಾಲಿನಂಥ ದೊಡ್ಡ ಸಭಾಂಗಣದಲ್ಲಿ ಹಾಡಿದ್ಲು, ಜನ ತುಂಬಿ ಬಂದ್ರು. ಆದ್ರೆ ಹೊಟ್ಟೆ ಹೊರೆಯೋ ಸಣ್ಣ ಕ್ಲಬ್ಬಿನಲ್ಲಿ ಹಾಡೋ ಹಾಗಿರಲಿಲ್ಲ.

ನಮ್ಮಲ್ಲೂ ಲೈಸೆನ್ಸಿನ ಕಥೆ ಐತಿ. ಲೈವ್ ಬ್ಯಾಂಡ್ ಅನ್ನೋ ಶಬ್ದವನ್ನೇ ಬೈಗುಳ ಮಾಡಿಟ್ಟಾರೆ. ಬೆಂಗಳೂರು ನಗರಕ್ಕೆ ಪೊಲೀಸರು 2005ರಲ್ಲಿ ಹೊರಡಿಸಿದ ಲೈಸೆನ್ಸ್ ಆದೇಶವನ್ನ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಅದೇ ವರ್ಷ ಎಷ್ಟೋ ಪಬ್ಬುಗಳಲ್ಲಿ ಹಾಡು ನಿಂತಿತು. ಬೆಂಕಿ ಸುರಕ್ಷತೆ ನೋಡಬಾರದು ಅಂತ ನಾನು ಹೇಳ್ತಿಲ್ಲ. ಆದ್ರೆ ಕಾಗದ ಬಿಗಿಯಾದಾಗ ಮೊದಲು ಕೆಲಸ ಕಳಕೊಳ್ಳೋದು ಮಾಲೀಕ ಅಲ್ಲ, ರಾತ್ರಿ ಲೆಕ್ಕದಲ್ಲಿ ಬರೋ ಢೋಲಕ್ಕಿನವನು, ಹಾಡೋ ಹೆಣ್ಣುಮಗಳು.

ಅದೇ 2018ರ ಜನವರಿಯಲ್ಲಿ ಚೆನ್ನೈಯಲ್ಲಿ ಇನ್ನೊಂದು ಕೆಲಸ ಆತು. ಪಾ. ರಂಜಿತ್ ಮತ್ತು ತೆನ್ಮಾ ಕೂಡಿಸಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಬ್ಯಾಂಡ್ ವೇದಿಕೆ ಏರಿತು. ಹತ್ತೊಂಬತ್ತು ಮಂದಿ. ಪರೈ, ಗಾನಾ, ರಾಕ್, ರಾಪ್ ಎಲ್ಲ ಒಟ್ಟಿಗೆ. ಜಾತಿಯಿಲ್ಲದ ತಮಿಳರು ಅಂತ ಪಂಡಿತ ಅಯೋತಿ ದಾಸರು ಬಳಸಿದ ಮಾತಿನಿಂದ ಆ ಹೆಸರು. ಸಾವಿನ ವಾದ್ಯ ಅಂತ ದೂರ ಇಟ್ಟಿದ್ದ ಪರೈಯನ್ನ ಅವರು ಗಿಟಾರಿನ ಪಕ್ಕದಲ್ಲಿ ನಿಲ್ಲಿಸಿದ್ರು, ಹಿಂದೆ ಅಲ್ಲ. ನಮ್ಮ ರಾಜ್ಯದಲ್ಲಿ 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ಕಲೆಗೆ ಪದ್ಮಶ್ರೀ ಬಂತು. ಸಂತೋಷ. ಆದ್ರೆ ಪದ್ಮಶ್ರೀ ಒಬ್ಬರಿಗೆ ಬರ್ತದ, ಬಾಗಿಲು ಎಲ್ಲರಿಗೂ ಬೇಕು.

ಹಾನಗಲ್ಲ ಹೆಸರನ್ನ ಜಗತ್ತಿಗೆ ಕೇಳಿಸಿದ ಗಂಗೂಬಾಯಿ ಹಾನಗಲ್ಲರನ್ನ ಇಲ್ಲಿ ನೆನೀಬೇಕು. ಅವರು ದಲಿತರಲ್ಲ, ಆದ್ರೆ ಹಾಡುವ ಹೆಂಗಸರ ಮನೆತನ ಅನ್ನೋ ಅಪಮಾನ ಉಂಡವರು. ಚಿಕ್ಕವರಿದ್ದಾಗ ಪಕ್ಕದ ಮನೆಯ ಶ್ರೀಮಂತರ ತೋಟದಲ್ಲಿ ಮಾವಿನಹಣ್ಣು ಕಿತ್ತಿದ್ದಕ್ಕೆ ಓಡಿಸಿಕೊಂಡಿದ್ದರು. ದೊಡ್ಡ ಹೆಸರು ಬಂದ ಮೇಲೆ ಅದೇ ಮಂದಿ ಮನೆಗೆ ಕರೆದು ಸನ್ಮಾನ ಮಾಡಿದ್ರು ಅಂತ ಅವರೇ ಹೇಳಿಕೊಂಡಿದ್ದಾರೆ. ದೊಡ್ಡವರಾದ ಮೇಲೆ ತೆಗೆಯೋ ಬಾಗಿಲು ಅದು. ಹೆಸರೇ ಇಲ್ಲದ ಐದು ಹುಡುಗರಿಗೆ ತೆಗೀತಾರಾ ಅನ್ನೋದು ನನ್ನ ಪ್ರಶ್ನೆ.

*

ಈಗ ಆ ಶನಿವಾರ ಸಂಜೆಗೆ ಬರ್ತೀನಿ. ಜಗಳ ಕೇಳಿ, ಮುಂದಿನ ವಾರ ನಾನೇ ಹೋದೆ. ನಾನು ಕುಡಿಯೋನಲ್ಲ. ಸೋಡಾ ತಗೊಂಡು ಮೂಲೆಯಲ್ಲಿ ಕೂತೆ.

ಹುಡುಗರು ಬಂದಾಗ ಅಲ್ಲಿನವನೊಬ್ಬ "ಹಿಂದಿನ ಬಾಗಿಲಿಂದ ಬರ್ರೋ" ಅಂದ. ಜಾತಿ ಕೇಳಿ ಅಂದಿದ್ದಲ್ಲ. ಹಲಗಿ ನೋಡಿ ಅಂದಿದ್ದು. ಹಲಗಿ ನೋಡಿದ್ರೆ ಜಾತಿ ಕೇಳೋದು ಬೇಕಾಗಿಲ್ಲ ನಮ್ಮ ಕಡೆ. ಹಾಡೋ ಹುಡುಗ ನಿಂತು ಹೇಳಿದ: "ಅಣ್ಣಾ, ಗಿರಾಕಿ ಬರೋ ಬಾಗಲದಾಗ ಬರ್ತೀವಿ. ಇಲ್ಲಂದ್ರ ಗಾಡಿ ಇನ್ನೂ ಬಂದ್ ಮಾಡಿಲ್ಲ, ಹೋಗ್ತೀವಿ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮ್ಯಾನೇಜರ್ ಬಂದು "ಬರ್ರಿ ಬರ್ರಿ" ಅಂದ. ಮುಂದಿನ ಬಾಗಿಲಿಂದಲೇ ಒಳಗೆ ಬಂದ್ರು.

ಆಮೇಲೆ ಇನ್ನೊಂದು ತೊಡಕು. ಈಗ ಬಹಳ ಮಂದಿ ಫೈಬರ್ ಹಲಗಿ ಹಿಡೀತಾರೆ, ಕಾಸೋ ಕೆಲಸ ಇಲ್ಲ. ಈ ಹುಡುಗರದ್ದು ಒಂದು ಅಜ್ಜನ ಕಾಲದ ಚರ್ಮದ ಹಲಗಿ. ಮಳೆಗಾಲದ ಥಂಡಿಗೆ ಚರ್ಮ ಸಡಿಲಾಗಿ ಡಬ್ ಡಬ್ ಅಂತಿತ್ತು. ಅದನ್ನ ಬೆಂಕಿಗೆ ಹಿಡಿದು ಕಾಸಬೇಕು, ಆಗಲೇ ದನಿ ಬರೋದು. ಬೀದಿಯಲ್ಲಾದ್ರೆ ನಾಕು ಹುಲ್ಲು, ಕಾಗದ ಹಚ್ತಿದ್ವಿ. ಬಾರಿನೊಳಗೆ ಬೆಂಕಿ ಎಲ್ಲೈತಿ? ಅಡುಗೆಮನೆಯಲ್ಲಿ.

ಹುಡುಗ ಹಲಗಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತ. ನನ್ನ ಎದಿ ಡವಡವ ಅಂತು. ನಮ್ಮಪ್ಪ ಆ ವಾದ್ಯ ಹಿಡಿದು ಯಾರ ಮನೆಯ ಅಂಗಳವನ್ನೂ ದಾಟಿದವರಲ್ಲ. ಅಡುಗೆಯವನು ಎಲ್ಲೋ ದೂರದ ರಾಜ್ಯದವನು, ಕನ್ನಡ ಅಷ್ಟಕ್ಕಷ್ಟೇ. ಹಲಗಿ ನೋಡಿದ, ಹುಡುಗನ ಮುಖ ನೋಡಿದ, ತಂದೂರಿ ಒಲೆ ಕಡೆ ಕೈ ತೋರಿಸಿದ. ಹುಡುಗ ಒಳಗೆ ಹೋಗಿ ಒಲೆ ಮುಂದೆ ಹಲಗಿ ತಿರುಗಿಸಿ ತಿರುಗಿಸಿ ಕಾಸಿದ. ಬೆರಳಲ್ಲಿ ತಟ್ಟಿ ನೋಡಿದ. ಠಣ್ ಅಂತು.

ಬಾರಿನಲ್ಲಿ ಜಾತಿ ಇಲ್ಲ ಅನ್ನೋರಿಗೆ ಹೇಳ್ತೀನಿ. ಕುಡಿಯೋ ಗಿರಾಕಿಗೆ ಜಾತಿ ಕಮ್ಮಿ ಇರಬಹುದು, ದುಡ್ಡು ಕೊಡ್ತಾನಲ್ಲ. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ ಯಾವುದಕ್ಕೂ ಜಾತಿ ಹೆಸರಿನಲ್ಲಿ ಪ್ರವೇಶ ತಡೆಯಬಾರದು ಅಂತ ಐತಿ. ಬಾಬಾಸಾಹೇಬರು ನಮಗೆ ಗಿರಾಕಿಯಾಗಿ ಹೋಗೋ ಬಾಗಿಲು ತೆಗೆದುಕೊಟ್ರು. ಕೆಲಸದವನಾಗಿ, ಕಲಾವಿದನಾಗಿ ಹೋಗೋವಾಗ ಯಾವ ಬಾಗಿಲು, ಯಾವ ತಾಟು, ಯಾವ ರೇಟು ಅನ್ನೋದನ್ನ ನಾವೇ ಹೇಳಿ ತಗೋಬೇಕು. ಆ ಹುಡುಗ ತಗೊಂಡ.

ಮೂರು ತಾಸು ಬಾರಿಸಿದ್ರು. ಜಾನಪದ, ಸಿನಿಮಾ, ನಡುವೆ ಒಂದು ಭೀಮಗೀತೆ. ಭೀಮಗೀತೆಗೆ ಒಂದು ಟೇಬಲ್ಲಿನವರು ಮುಖ ತಿರುಗಿಸಿದ್ರು, ಇನ್ನೊಂದು ಟೇಬಲ್ಲಿನವರು ಎದ್ದು ಕುಣಿದ್ರು. ಕೊನೆಗೆ ಒಬ್ಬ ಖುಷಿಯಾಗಿ ಒಂದು ಕ್ವಾರ್ಟರ್ ತಂದು ಮುಂದಿಟ್ಟ. ಹಲಗಿ ಹುಡುಗ ಕೈ ಮುಗಿದು "ಬ್ಯಾಡ್ರಿ, ದುಡ್ಡು ಮಾತಾಡೀವಿ" ಅಂದ. ದುಡ್ಡು ಫೋನಿಗೆ ಬಂತು, ಎಲ್ಲರ ಮುಂದೆ ಲೆಕ್ಕ ಹೇಳಿ ಐದು ಪಾಲು ಮಾಡಿದ್ರು. ನನಗೆ ನಮ್ಮಪ್ಪನ ಎರಡು ಪಾಕೀಟು ನೆನಪಾತು. ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

*

ಮರುದಿನ ಹುಡುಗರನ್ನೂ ಕಾಕಾನನ್ನೂ ಒಂದೇ ಕಡೆ ಕೂರಿಸಿದ್ವಿ. ಹುಡುಗರು ತಮ್ಮ ಕರಾರು ಒಂದು ಹಾಳೆ ಮೇಲೆ ಬರೆದ್ರು:

1. ರೇಟು ಮೊದಲೇ. ಅರ್ಧ ಅಡ್ವಾನ್ಸ್.
2. ಮುಂದಿನ ಬಾಗಿಲು.
3. ಊಟ ಟೇಬಲ್ ಮೇಲೆ, ಎಲ್ಲರ ತಾಟಿನಲ್ಲೇ.
4. ಕೂಲಿಗೆ ಬದಲಾಗಿ ಕುಡಿತ ಇಲ್ಲ. ಬಾರಿಸುವಾಗ ಯಾರೂ ಕುಡಿಯೋದಿಲ್ಲ.
5. ಊರಿನ ಸಾವಿಗೆ, ಡಂಗುರಕ್ಕೆ ಹೇಳಿ ಕಳಿಸಿದ್ರೆ ಬರೋದಿಲ್ಲ.

ಕಾಕಾ ಓದಿದ್ರು. ಒಪ್ಪಿದೆ ಅಂತ ಅನ್ನಲಿಲ್ಲ. ಈಗಲೂ ಅವರಿಗೆ ಬಾರು ಅಂದ್ರೆ ಆಗಿಬರೋದಿಲ್ಲ, ಬರಬಾರದು ಕೂಡ. ಪೆನ್ನು ಇಸಕೊಂಡು ಕೆಳಗೆ ಆರನೇದು ಬರೆದ್ರು: "ಓದುವ ಹುಡುಗರನ್ನು ಬಾರಿಗೆ ಕರೆದುಕೊಂಡು ಹೋಗಬಾರದು."

ಹುಡುಗರು ಅದಕ್ಕೂ ಸಹಿ ಹಾಕಿದ್ರು.

ಗೆಳೆಯರೆ, ಹಲಗಿ ಬಿಡಬೇಕೋ ಹಿಡೀಬೇಕೋ ಅನ್ನೋದಕ್ಕೆ ನನ್ನ ಹತ್ರ ಒಂದೇ ಸಾಲಿನ ಉತ್ತರ ಇಲ್ಲ. ಬೇಡ ಅನ್ನೋ ಹಕ್ಕು ಇದ್ದವನು ಹಿಡಿದ್ರೆ ಅದು ಕಲೆ, ಆ ಹಕ್ಕು ಇಲ್ಲದವನ ಕೈಗೆ ಕೊಟ್ರೆ ಅದು ಚಾಕರಿ. ಸಾವಿನ ಮನೆ ಆಗಲಿ, ಜಾನಪದ ಉತ್ಸವ ಆಗಲಿ, ಬಾರು ಆಗಲಿ, ಎಲ್ಲಾ ಕಡೆಗೂ ಇದೇ ಮಾತು.

ನಿಮ್ಮ ಊರಲ್ಲಿ ಹಲಗಿ, ತಮಟೆ ಬಾರಿಸಿದವರಿಗೆ ಏನು ಕೊಡ್ತಿದ್ರು, ಎಲ್ಲಿ ನಿಲ್ಲಿಸಿ ಕೊಡ್ತಿದ್ರು? ನಿಮ್ಮಪ್ಪ, ಅಜ್ಜ ಯಾವ ವರ್ಷ ಬಿಟ್ರು, ಯಾಕೆ ಬಿಟ್ರು? ಮನೆಯ ಹಿರಿಯರನ್ನ ಕೇಳಿ ಇಲ್ಲೇ ಕೆಳಗೆ ಬರೀರಿ. ಹಿರಿಯರು ಹೋದ ಮೇಲೆ ಕೇಳೋಕೆ ಯಾರೂ ಇರೋದಿಲ್ಲ.

ಜೈಭೀಮ್.